ನಕ್ಷೆ ಹಿಡಿದವರು, ಪಟ್ಟಿ ಬರೆದವರು: ಮಾಡಬೇಕಾದ್ದು, ಮಾಡಬಾರದ್ದು

ಕಲಬುರಗಿ ಜಿಲ್ಲೆಯ ನಾಲವಾರ ಹೋಬಳಿಯಲ್ಲಿ ನೆರೆ ಬಂದಾಗ, ಗಲಭೆಯಾದಾಗ ಪರಿಹಾರದ ಕೆಲಸಕ್ಕೆ ನಿಲ್ಲುವವರಿಗೆ ಈ ಸೂಚನೆ. ಅಡುಗೆ ಮಾಡುವವರಿಗೆ, ದೋಣಿ ನಡೆಸುವವರಿಗೆ ಅಲ್ಲ. ನಕ್ಷೆ ಹಿಡಿಯುವವರು, ಮನೆಮನೆಯ ಪಟ್ಟಿ ಬರೆಯುವವರು, ಫೋನಿನಲ್ಲಿ ಸುದ್ದಿ ಕೇಳಿ ಇನ್ನೊಬ್ಬರಿಗೆ ದಾಟಿಸುವವರು ಇದನ್ನು ಓದಬೇಕು. ಓದಿದ ಮೇಲೆ ಮನೆಯಲ್ಲಿ ಇಡಬಾರದು, ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಭಾಗದಲ್ಲಿ ಕೊಡುವ ಕೈಗಳಿಗೆ ಕೊರತೆ ಇಲ್ಲ. ನೆರೆ ಬಂದ ಮರುದಿನವೇ ಅಕ್ಕಿ, ಹಾಸಿಗೆ, ರೊಟ್ಟಿಯ ಗಂಟು ಹೊತ್ತ ಗಾಡಿಗಳು ಹೊರಡುತ್ತವೆ. ಎಡವುವುದು ಆಮೇಲೆ. ಡಾಂಬರು ರಸ್ತೆಯ ಬದಿಯ ಒಂದು ಊರಿಗೆ ಮೂರು ಗಾಡಿ ಸಾಮಾನು ಹೋಗುತ್ತದೆ, ಅದರ ಹಿಂದಿನ ತಾಂಡಾಕ್ಕೆ ಒಂದೂ ಹೋಗುವುದಿಲ್ಲ. ಆ ತಾಂಡಾದ ಹೆಸರು ಯಾರ ಕಾಗದದಲ್ಲೂ ಇರಲಿಲ್ಲ ಎಂಬುದೊಂದೇ ಕಾರಣ. ಆ ಕಾಗದ ನಿಮ್ಮ ಕೈಯಲ್ಲಿ ಇರುತ್ತದೆ.

ಊರಿನ ಹೆಸರು

ಹೆಸರನ್ನು ಪೂರ್ತಿ ಬರೆಯಿರಿ. ಊರು, ಆವರಣದ ಅಕ್ಷರ, ಗ್ರಾಮ ಪಂಚಾಯಿತಿ, ತಾಲ್ಲೂಕು, ಜಿಲ್ಲೆ, ಐದೂ ಇರಲೇಬೇಕು. ‘ಸೂಗೂರಕ್ಕೆ 200 ಹಾಸಿಗೆ’ ಎಂದು ಬರೆದರೆ ಗಾಡಿ ಎಲ್ಲಿಗೆ ಹೋಗಬೇಕು? ಸೂಗೂರ (ಎನ್) ಚಿತ್ತಾಪುರ ತಾಲ್ಲೂಕಿನಲ್ಲಿದೆ, ಸೂಗೂರ (ಕೆ) ಕಾಳಗಿ ತಾಲ್ಲೂಕಿನಲ್ಲಿದೆ. ನಮ್ಮ ಜಿಲ್ಲೆಯ ಊರುಗಳ ಹಿಂದೆ ನೇತಾಡುವ ಆ ಒಂದೊಂದು ಅಕ್ಷರವನ್ನು ಬಸ್ಸಿನ ಬೋರ್ಡಿನವರು ಬಿಡಬಹುದು, ಮದುವೆ ಪತ್ರಿಕೆಯವರು ಬಿಡಬಹುದು. ನೀವು ಬಿಡುವಂತಿಲ್ಲ. ಬಿಟ್ಟರೆ ಗಾಡಿ ಸಂಜೆಯ ಹೊತ್ತಿಗೆ ನೀರಿಲ್ಲದ ಊರಿನ ಅಗಸಿ ಮುಂದೆ ನಿಂತಿರುತ್ತದೆ.

ಹಳೆಯ ನಕ್ಷೆಯಲ್ಲಿರುವ ತಾಲ್ಲೂಕನ್ನು ಕಣ್ಣು ಮುಚ್ಚಿ ನಂಬಬೇಡಿ. 2011ರ ಜನಗಣತಿಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿದ್ದವು, ಈಗ ಹನ್ನೊಂದು. ಶಹಾಬಾದ್, ಕಾಳಗಿ, ಕಮಲಾಪುರ, ಯಡ್ರಾಮಿ 2018ರಲ್ಲಿ ಬೇರೆಯಾದವು. ಹೊನಗುಂಟಾ, ತೊನಸನಹಳ್ಳಿ (ಎಸ್) ಹಳೆಯ ಕಾಗದದಲ್ಲಿ ಚಿತ್ತಾಪುರದ ಕೆಳಗೆ ಸಿಗುತ್ತವೆ, ಇವತ್ತು ಕಚೇರಿ ಶಹಾಬಾದಿನಲ್ಲಿದೆ. ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಸನ್ನತಿಯ ದಡದಲ್ಲಿ ನಿಂತು ಭೀಮೆಯ ಆಚೆ ನೋಡಿದರೆ ಕಾಣುವುದು ಶಹಾಪುರ ತಾಲ್ಲೂಕು, ಅಂದರೆ ಬೇರೆ ಜಿಲ್ಲೆ, ಬೇರೆ ನಿಯಂತ್ರಣ ಕೊಠಡಿ. ಆಚೆ ದಡದಲ್ಲಿ ಜನ ಸಿಕ್ಕಿಬಿದ್ದಿದ್ದಾರೆ ಎಂಬ ಸುದ್ದಿ ಬಂದರೆ ಅದನ್ನು ಕಲಬುರಗಿಗೆ ಮಾತ್ರ ಹೇಳಿ ಸುಮ್ಮನಾಗಬಾರದು. ಎರಡೂ ಜಿಲ್ಲೆಗೆ ತಿಳಿಸಿ, ಯಾರಿಗೆ ಎಷ್ಟು ಗಂಟೆಗೆ ಹೇಳಿದಿರಿ ಎಂದು ಬರೆದಿಡಿ. 1077ಕ್ಕೆ ಕರೆ ಮಾಡುವಾಗ ಮೊದಲು ಜಿಲ್ಲೆಯ ಹೆಸರು ಹೇಳಿ.

ಒಂದೇ ಊರನ್ನು ಜನ ಮೂರು ಬಗೆಯಲ್ಲಿ ಉಚ್ಚರಿಸುತ್ತಾರೆ, ಕಚೇರಿ ನಾಲ್ಕನೆಯ ಬಗೆಯಲ್ಲಿ ಬರೆಯುತ್ತದೆ. ಉರ್ದು, ಮರಾಠಿ, ತೆಲುಗು, ಇಂಗ್ಲಿಷ್ ಎಲ್ಲವೂ ನಮ್ಮ ಹೆಸರುಗಳ ಮೇಲೆ ಹಾದುಹೋಗಿವೆ. ಹಾಗಾಗಿ ಊರಿನ ಪಕ್ಕದಲ್ಲಿ ಜನಗಣತಿಯ ಗ್ರಾಮ ಸಂಖ್ಯೆಯನ್ನೂ ಬರೆಯಬೇಕು. ಇದು ನಮ್ಮ ಹೊಸ ಯೋಚನೆಯಲ್ಲ. 1999ರಲ್ಲಿ ಕೊಸೊವೊ ಯುದ್ಧ ನಿಂತಾಗ ಅಲ್ಲಿಯ ಒಂದೊಂದು ಹಳ್ಳಿಗೂ ಎರಡೆರಡು ಹೆಸರು, ಅಲ್ಬೇನಿಯನ್ ಜನರ ಬಾಯಲ್ಲಿ ಒಂದು, ಸರ್ಬ್ ಜನರ ಬಾಯಲ್ಲಿ ಇನ್ನೊಂದು. ಯಾವ ಹೆಸರು ಹಿಡಿದರೂ ಒಂದು ಕಡೆಯವರಿಗೆ ನೋವು, ಗಾಡಿ ಓಡಿಸುವವನಿಗೆ ಗೊಂದಲ. ಪರಿಹಾರದವರು ಪ್ರಿಸ್ಟಿನಾದಲ್ಲಿ ಮಾಹಿತಿ ಕೇಂದ್ರ ತೆರೆದು ಪ್ರತಿ ಊರಿಗೂ ಒಂದು ಸಂಖ್ಯೆ ಕೊಟ್ಟು ಕೆಲಸ ನಡೆಸಿದರು. ಸಂಖ್ಯೆಗೆ ಭಾಷೆಯಿಲ್ಲ, ಪಕ್ಷವಿಲ್ಲ.

ಆದರೆ ಸಂಖ್ಯೆಯನ್ನೇ ನಂಬಿ ತಾಂಡಾಗಳನ್ನು ಮರೆಯಬೇಡಿ. ಚಿತ್ತಾಪುರ, ಕಾಳಗಿ, ಚಿಂಚೋಳಿ, ಸೇಡಂ ಕಡೆ ನೂರಾರು ತಾಂಡಾಗಳು ಬಹಳ ವರ್ಷ ಕಂದಾಯದ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ, ಯಾವುದೋ ಊರಿನ ಹೊಲದ ಸರ್ವೆ ನಂಬರಿನೊಳಗೆ ಮುಚ್ಚಿಹೋಗಿದ್ದವು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಣೆಯಾಗಿ, 2023ರ ಜನವರಿ 19ರಂದು ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆ ಆಯಿತು. ನಿಮ್ಮ ಕೈಗೆ ಬರುವ 2011ರ ಗ್ರಾಮ ಪಟ್ಟಿಯಲ್ಲಿ ಅವು ಯಾವುವೂ ಇಲ್ಲ. ಪಟ್ಟಿಯಲ್ಲಿಲ್ಲದ ತಾಂಡಾ ಕಂಡರೆ ‘ಇದು ಇಂಥ ಊರಿನದ್ದೇ’ ಎಂದು ಸೇರಿಸಿ ಮುಗಿಸಬಾರದು. ಬೇರೆ ಸಾಲು ಹಾಕಿ. ಅಲ್ಲಿಯ ನಾಯಕರ ಬಾಯಲ್ಲೇ ಹೆಸರು ಕೇಳಿ, ಅವರು ಹೇಳಿದಂತೆಯೇ ಬರೆಯಿರಿ.

ಸರ್ವೆ ನಂಬರ್ ಬೇಕಾದರೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನೋಡಿ, ನಿಂತ ಜಾಗದಲ್ಲೇ ತೋರಿಸುತ್ತದೆ. ಅಕ್ಷಾಂಶ ರೇಖಾಂಶ ಬರೆಯುವವರು ಒಂದು ಮಾತು ನೆನಪಿಡಿ: ನಮ್ಮ ಕಡೆ ಉತ್ತರ 17ರ ಆಸುಪಾಸು, ಪೂರ್ವ 77ರ ಆಸುಪಾಸು. ಇವೆರಡನ್ನು ಅದಲುಬದಲು ಬರೆದರೆ ನಿಮ್ಮ ಊರು ಉತ್ತರ ಧ್ರುವದ ಕಡೆಯ ನಾರ್ವೆಯ ಹಿಮದ್ವೀಪದಲ್ಲಿ ಬೀಳುತ್ತದೆ. ಅದು ಕೂಡಲೇ ಕಣ್ಣಿಗೆ ಬೀಳುವ ತಪ್ಪು, ಆದ್ದರಿಂದ ಅಪಾಯ ಕಡಿಮೆ. ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. 17 ಡಿಗ್ರಿ 30 ಮಿನಿಟು ಎಂದರೆ 17.50, 17.30 ಅಲ್ಲ. 17.30 ಎಂದು ಬರೆದವರು ದೋಣಿಯನ್ನು 22 ಕಿಲೋಮೀಟರ್ ಆಚೆಗೆ ಕಳಿಸಿರುತ್ತಾರೆ.

ದಾರಿ

‘ದಾರಿ ಚಲೋ ಅದ ರೀ’ ಎಂಬ ಮಾತನ್ನು ಹಾಗೇ ಬರೆದುಕೊಳ್ಳಬೇಡಿ. ಯಾವುದಕ್ಕೆ ಚಲೋ ಎಂದು ಕೇಳಿ. ನಮ್ಮದು ಎರೆ ಭೂಮಿ. ಬೈಕ್ ಹೋದ ದಾರಿಯಲ್ಲಿ ಟಂಟಂ ಹೂತುಕೊಳ್ಳುತ್ತದೆ, ಟಂಟಂ ನಿಂತ ರಾಡಿಯಲ್ಲಿ ಟ್ರ್ಯಾಕ್ಟರ್ ದಾಟುತ್ತದೆ, ಸಿಮೆಂಟ್ ಲಾರಿ ಹಾಯಬಲ್ಲ ಹೆದ್ದಾರಿಯಿಂದ ಇಳಿದ ಕೂಡಲೇ ಹಳ್ಳದ ಸಣ್ಣ ಪೈಪಿನ ಸೇತುವೆ ಅದೇ ಲಾರಿಯ ಭಾರಕ್ಕೆ ಕುಸಿಯಬಹುದು. ಪ್ರತಿ ದಾರಿಗೂ ನಾಲ್ಕು ಮಾತು ಕಡ್ಡಾಯ: ಕೊನೆಗೆ ಯಾವ ಗಾಡಿ ದಾಟಿತು, ಎಷ್ಟು ಗಂಟೆಗೆ, ಕಣ್ಣಾರೆ ನೋಡಿದವರು ಯಾರು, ಎಲ್ಲಿ ತಡೆ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ದಾರಿಯನ್ನು ‘ಗೊತ್ತಿಲ್ಲ’ ಎಂದೇ ಗುರುತಿಸಬೇಕು.

‘ಗೊತ್ತಿಲ್ಲ’ ಎಂದು ಬರೆಯಲು ನಾಚಬೇಡಿ. ಖಾಲಿ ಬಿಟ್ಟ ಜಾಗವನ್ನು ಓದುವವರು ‘ಅಲ್ಲಿ ತೊಂದರೆಯಿಲ್ಲ’ ಎಂದೇ ಓದುತ್ತಾರೆ. ಸೊನ್ನೆ ಬೇರೆ, ಗೊತ್ತಿಲ್ಲ ಬೇರೆ. ಯಾವ ಊರಿನಿಂದ ಇಡೀ ದಿನ ಒಂದು ಫೋನೂ ಬರಲಿಲ್ಲವೋ ಆ ಊರು ಸುಖವಾಗಿದೆ ಎಂದು ತಿಳಿಯಬೇಡಿ. ಟವರ್ ಬಿದ್ದಿರಬಹುದು, ಚಾರ್ಜ್ ಮುಗಿದಿರಬಹುದು, ಜನ ಮಾಳಿಗೆಯ ಮೇಲಿರಬಹುದು. ಮೊದಲ ಬೈಕ್ ಅಲ್ಲಿಗೇ ಹೋಗಬೇಕು.

ನಿನ್ನೆಯ ನಕ್ಷೆ ಹಿಡಿದು ಇವತ್ತು ಗಾಡಿ ಬಿಡಬಾರದು. 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮೊದಲು ಇಲ್ಲಿಯ ಮಳೆಗೇ ಕಾಗಿಣಾ ಉಕ್ಕಿತು. ಅದು ಇಳಿಯುತ್ತಿದೆ ಎಂದು ಉಸಿರು ಬಿಡುವಷ್ಟರಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಭೀಮೆಯಲ್ಲಿ ಬಂತು. ಒಂದೇ ವಾರದಲ್ಲಿ ಎರಡು ನದಿ, ಎರಡು ನೆರೆ, ಎರಡು ಬೇರೆ ಬೇರೆ ನಕ್ಷೆ. ಕಾಗಿಣಾಕ್ಕೆ ತೆಲಂಗಾಣದ ತಾಂಡೂರು ಕಡೆಯ ಮಳೆ ಬರುತ್ತದೆ, ಚಿಂಚೋಳಿಯ ಮುಲ್ಲಾಮಾರಿ, ಬೆಣ್ಣೆತೊರಾ ಕೂಡ ಅದಕ್ಕೇ ಬಂದು ಸೇರುತ್ತವೆ. ಅದು ಹೊತ್ತು ಕೊಡದೆ ಏರುವ ನದಿ. ಭೀಮೆಯ ನೀರು ಉಜನಿಯಿಂದ, ಸೀನಾದಿಂದ ಹೊರಟು ಅಫಜಲಪುರದ ಸೊನ್ನ ಬ್ಯಾರೇಜು ದಾಟಿ ಬರುತ್ತದೆ, ಸುದ್ದಿ ಮುಂಚೆಯೇ ಸಿಗುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ‘ನದಿ ನೀರು ಹೆಚ್ಚಳ’ ಎಂದು ಬರೆಯಬಾರದು. ಯಾವ ನದಿ, ಯಾವ ಬ್ಯಾರೇಜು, ಎಷ್ಟು ಕ್ಯೂಸೆಕ್, ಎಷ್ಟು ಗಂಟೆಯ ಲೆಕ್ಕ, ಇಷ್ಟೂ ಬರೆಯಬೇಕು. ಹೊನಗುಂಟಾದಲ್ಲಿ ಕಾಗಿಣಾ ಭೀಮೆಯನ್ನು ಸೇರುತ್ತದೆ. ಸಂಗಮದ ಕೆಳಗಿನ ಸನ್ನತಿ ಕಡೆಯ ಊರುಗಳಿಗೆ ಎರಡೂ ಲೆಕ್ಕ ಬೇಕು.

ದಂಡೋತಿ ಸೇತುವೆ, ಮಳಖೇಡ ಸೇತುವೆ, ಸನ್ನತಿಯ ಬ್ಯಾರೇಜು, ಈ ಮೂರರ ಸ್ಥಿತಿ ಬೆಳಿಗ್ಗೆ 7ಕ್ಕೆ, ಸಂಜೆ 5ಕ್ಕೆ ನಕ್ಷೆಯ ಮೇಲೆ ಹೊಸದಾಗಿ ಬರಲೇಬೇಕು. ಬದಲಾವಣೆ ಇಲ್ಲದಿದ್ದರೆ ‘ಬದಲಾಗಿಲ್ಲ, 5 ಗಂಟೆ’ ಎಂದು ಬರೆಯಬೇಕು. ನೀರು ಇಳಿದ ತಕ್ಷಣ ಸೇತುವೆಗೆ ‘ತೆರೆದಿದೆ’ ಎಂಬ ಗುರುತು ಹಾಕುವ ಅಧಿಕಾರ ನಿಮಗಿಲ್ಲ. ಲೋಕೋಪಯೋಗಿ ಇಲಾಖೆಯವರೋ ಪೊಲೀಸರೋ ಬಿಟ್ಟ ಮೇಲೆ ಮಾತ್ರ. ನೀರಿನ ಕೆಳಗೆ ಸೇತುವೆಯ ಬದಿಯ ಮಣ್ಣು ಕೊಚ್ಚಿಹೋಗಿರುತ್ತದೆ, ಮೇಲಿನ ಡಾಂಬರು ಹಾಗೇ ಕಾಣುತ್ತದೆ.

ಶಹಾಬಾದ್, ವಾಡಿ ಕಡೆಯ ನಕ್ಷೆ ಮಾಡುವವರು ಫರ್ಸಿ ತೆಗೆದ ಗಣಿಯ ಹೊಂಡಗಳನ್ನು ಗುರುತಿಸಲೇಬೇಕು. ನೆರೆಯಲ್ಲಿ ಹೊಂಡ, ರಸ್ತೆ, ಹೊಲ ಎಲ್ಲ ಒಂದೇ ಮಟ್ಟದ ಕೆಂಪು ನೀರು. ಯುದ್ಧ ಮುಗಿದ ನಾಡುಗಳಲ್ಲಿ ನಕ್ಷೆ ಮಾಡುವವರು ನೆಲಬಾಂಬು ಹುದುಗಿಸಿದ ಜಾಗಕ್ಕೆ ಮೊದಲು ಗುರುತು ಹಾಕುತ್ತಾರೆ, ಆಮೇಲೆ ದಾರಿ ಎಳೆಯುತ್ತಾರೆ. ನಮ್ಮಲ್ಲಿ ಈ ಹೊಂಡಗಳನ್ನು ಅಷ್ಟೇ ಗಂಭೀರವಾಗಿ ಎಣಿಸಬೇಕು.

ಬಣ್ಣದಿಂದ ಮಾತ್ರ ಗುರುತಿಸಬೇಡಿ. ನಿಮ್ಮ ಕೆಂಪು ಹಸಿರು ಝೆರಾಕ್ಸ್ ಆದ ಮೇಲೆ ಎರಡೂ ಕಪ್ಪು. ಮುಚ್ಚಿದ ದಾರಿಗೆ ಅಡ್ಡಗೆರೆ, ಟ್ರ್ಯಾಕ್ಟರ್ ಮಾತ್ರ ಹೋಗುವ ದಾರಿಗೆ ತುಂಡುಗೆರೆ, ಗೊತ್ತಿಲ್ಲದ ದಾರಿಗೆ ಪ್ರಶ್ನೆ ಚಿಹ್ನೆ. ನಕ್ಷೆಯ ಮೂಲೆಯಲ್ಲಿ ದಿನಾಂಕ, ಗಂಟೆ, ಎಷ್ಟನೆಯ ನಕ್ಷೆ ಎಂಬ ಸಂಖ್ಯೆ. ಹೊಸದು ಬಂದ ಕೂಡಲೇ ಹಳೆಯದರ ಮೇಲೆ ಉದ್ದಕ್ಕೂ ‘ಹಳೆಯದು’ ಎಂದು ಬರೆದು ಬೇರೆ ಫೈಲಿಗೆ ಹಾಕಿ. ಹರಿಯಬೇಡಿ, ಮುಂದೆ ಬೇಕಾಗುತ್ತದೆ.

ಕಂಡದ್ದು, ಕೇಳಿದ್ದು

ನೀವೇ ಕಂಡದ್ದನ್ನೂ ಇನ್ನೊಬ್ಬರಿಂದ ಕೇಳಿದ್ದನ್ನೂ ಒಂದೇ ಕಾಲಂನಲ್ಲಿ ಬರೆಯಬಾರದು. ಈ ಇಡೀ ಸೂಚನೆಯಲ್ಲಿ ನಾನು ಅತಿ ಗಟ್ಟಿಯಾಗಿ ಹಿಡಿಯುವ ಮಾತು ಇದೇ, ಮತ್ತು ಇದಕ್ಕೆ ನಮ್ಮ ನೆಲದ್ದೇ ಉದಾಹರಣೆ ಇದೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅದಕ್ಕೆ ಮುಂಚೆ ರಜಾಕಾರರ ಹಾವಳಿಯಲ್ಲಿ ಜನ ಊರು ಬಿಟ್ಟರು, ಆಮೇಲಿನ ವಾರಗಳಲ್ಲಿ ಸೇಡಿನ ಹಿಂಸೆಯಲ್ಲಿ ಮತ್ತಷ್ಟು ಜನ ಸತ್ತರು. ನಡೆದದ್ದೇನು ಎಂದು ತಿಳಿಯಲು ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು ಕಳಿಸಿದರು. ನವೆಂಬರ್ ಕೊನೆಯಿಂದ ಡಿಸೆಂಬರ್ ವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳಲ್ಲಿ 9ರಲ್ಲಿ ಸುತ್ತಿದರು. ವರದಿಯಲ್ಲಿ ತಾವು ಹೋಗಿ ನೋಡಿದ್ದು ಇಷ್ಟು ಊರು, ಹೋಗಲಾಗದ 109 ಊರುಗಳ ಐನೂರಕ್ಕೂ ಹೆಚ್ಚು ಜನರನ್ನು ಕಂಡು ಕೇಳಿದ್ದು ಇಷ್ಟು ಎಂದು ಬೇರೆ ಬೇರೆ ಹೇಳಿದರು. ಸತ್ತವರ ಲೆಕ್ಕವನ್ನು ಒಂದೇ ಅಂಕಿಯಲ್ಲಿ ಹೇಳದೆ 27,000ದಿಂದ 40,000 ಎಂದು ಅಂದಾಜಿನ ಎರಡು ತುದಿಗಳಲ್ಲಿ ಇಟ್ಟರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಬರೆದದ್ದು ಉಸ್ಮಾನಾಬಾದ್, ನಾಂದೇಡ್, ಬೀದರ್ ಮತ್ತು ನಮ್ಮ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ. ಆ ವರದಿಯನ್ನು ಸರ್ಕಾರ ಆಗ ಪ್ರಕಟಿಸಲಿಲ್ಲ, ದಶಕಗಳ ಮೇಲೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನರ ಕೈಗೆ ಸಿಕ್ಕಿತು. ಅಷ್ಟು ವರ್ಷ ನಮ್ಮ ಹಿರಿಯರ ನೋವಿಗೆ ಬಾಯಿಮಾತಿನ ಲೆಕ್ಕವೇ ಗತಿಯಾಗಿತ್ತು. ಒಬ್ಬರು ಹೇಳಿದ ಸಂಖ್ಯೆಯನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ, ಒಪ್ಪಿಸಲು ಕಾಗದ ಇರಲಿಲ್ಲ.

ಆದ್ದರಿಂದ: ನೋಡಿದ ಮನೆ, ಕೇಳಿದ ಮನೆ ಬೇರೆ ಬೇರೆ ಎಣಿಸಿ. ಖಚಿತ ಅಂಕಿ ಸಿಗದಿದ್ದರೆ ‘40ರಿಂದ 60 ಮನೆ’ ಎಂದು ಬರೆಯಿರಿ. ಮಧ್ಯದ 50 ಎಂದು ನೀವೇ ತೀರ್ಮಾನಿಸಬೇಡಿ. ಹೆಚ್ಚು ಸಾಮಾನು ಬರಲಿ ಎಂದು ಅಂಕಿ ಏರಿಸಬೇಡಿ. ಏರಿಸಿದ್ದು ಗೊತ್ತಾದ ದಿನದಿಂದ ನಿಮ್ಮ ಊರಿನ ನಿಜವಾದ ಅಂಕಿಯನ್ನೂ ಅರ್ಧ ಮಾಡಿಯೇ ಓದುತ್ತಾರೆ. ಸಾವಿನ ಸುದ್ದಿಯನ್ನು ಗುಂಪಿನಲ್ಲಿ ಹಾಕಬಾರದು, ಹೆಸರಂತೂ ಕೂಡದು. ಮನೆಯವರಿಗೆ ಆ ಸುದ್ದಿ ವಾಟ್ಸಾಪಿನಿಂದ ತಿಳಿಯಬಾರದು.

ಫಾರ್ವರ್ಡ್ ಆಗಿ ಬಂದ ವಿಡಿಯೊ ಮಾಹಿತಿಯಲ್ಲ. ಅದು ಯಾವ ವರ್ಷದ್ದು, ಯಾವ ನದಿಯದ್ದು ಎಂದು ತಿಳಿಯದೆ ನಕ್ಷೆಯ ಮೇಲೆ ಏನನ್ನೂ ಗುರುತಿಸುವಂತಿಲ್ಲ.

ಜನರ ಪಟ್ಟಿ

ಪಟ್ಟಿ ಅನ್ನ ತರುತ್ತದೆ. ಕೆಟ್ಟ ಕೈಗೆ ಸಿಕ್ಕರೆ ಅದೇ ಪಟ್ಟಿ ಮನೆ ತೋರಿಸುತ್ತದೆ. ಸಿರಿಯಾದಲ್ಲಿ ಆಸ್ಪತ್ರೆಗಳ ಮೇಲೆ ಬಾಂಬು ಬೀಳದಿರಲಿ ಎಂದು ಅವುಗಳ ಜಾಗವನ್ನು ವಿಶ್ವಸಂಸ್ಥೆಯ ಮೂಲಕ ಯುದ್ಧ ಮಾಡುವವರಿಗೆ ತಿಳಿಸಲಾಗಿತ್ತು. ಹಾಗೆ ತಿಳಿಸಿದ ಜಾಗಗಳ ಮೇಲೂ ದಾಳಿಗಳಾದವು, 2019ರಲ್ಲಿ ವಿಶ್ವಸಂಸ್ಥೆ ತನಿಖಾ ಮಂಡಳಿ ನೇಮಿಸಬೇಕಾಯಿತು. ನಮ್ಮದು ಆ ಸ್ಥಿತಿಯಲ್ಲ. ಆದರೆ ಗಲಭೆಯ ದಿನ ಯಾವ ಕುಟುಂಬ ಯಾವ ಶಾಲೆಯಲ್ಲಿ, ಯಾರ ಮನೆಯಲ್ಲಿ ಆಶ್ರಯ ಪಡೆದಿದೆ ಎಂಬ ಕಾಗದದ ಫೋಟೊ ಹೊರಗೆ ಹೋದರೆ ಏನಾದೀತೆಂದು ಹೇಳಬೇಕಾಗಿಲ್ಲ. ಗಲಭೆಯ ಸಮಯದಲ್ಲಿ ಆಶ್ರಯದ ಜಾಗವನ್ನು ನಕ್ಷೆಯಲ್ಲಿ ಗುರುತಿಸಬಾರದು. ಪಟ್ಟಿಯ ಫೋಟೊ ತೆಗೆಯಬಾರದು. ಕಾಗದದ ಪ್ರತಿ ಒಂದೇ ಇರಬೇಕು, ಅದು ಒಬ್ಬರ ಜವಾಬ್ದಾರಿಯಲ್ಲಿ.

ಜಾತಿ, ಧರ್ಮದ ಕಾಲಂ ಹಾಕಬಾರದು. ಯಾರು ಕೇಳಿದರೂ ಕೊಡಬಾರದು. ಇಲ್ಲೊಂದು ತೊಡಕಿದೆ, ಇದನ್ನು ನಿಧಾನವಾಗಿ ಓದಿ. ನಮ್ಮ ಊರುಗಳಲ್ಲಿ ಓಣಿಯ ಹೆಸರೇ ಜಾತಿಯ ಹೆಸರು. ‘ಇಂಥ ಓಣಿ, 30 ಮನೆ’ ಎಂದು ಬರೆದರೆ ಜಾತಿಯ ಕಾಲಂ ಇಲ್ಲದೆಯೇ ಜಾತಿ ಬರೆದಂತಾಯಿತು. ಹಾಗೆಂದು ಓಣಿಗಳನ್ನು ಬಿಟ್ಟು ಊರಿಗೆ ಒಂದೇ ಒಟ್ಟು ಅಂಕಿ ಬರೆದರೆ, ಸಾಮಾನು ಅಗಸಿ ಹತ್ತಿರದ ಮನೆಗಳಲ್ಲೇ ಕರಗಿ, ಹಳ್ಳದ ಪಕ್ಕದ ತಗ್ಗಿನ ಕೇರಿಗೆ ಮುಟ್ಟುವುದೇ ಇಲ್ಲ. ನೀರು ಮೊದಲು ನುಗ್ಗುವುದೂ ಕೊನೆಗೆ ಇಳಿಯುವುದೂ ಅದೇ ಕೇರಿಯಲ್ಲಿ. ಆದ್ದರಿಂದ ಓಣಿಗಳನ್ನು ಬಿಡಬೇಡಿ, ಅವುಗಳ ಹೆಸರನ್ನು ಬಿಡಿ. ನೀರಿನ ಟ್ಯಾಂಕ್, ಶಾಲೆ, ಅಂಗನವಾಡಿ, ಬಸ್ ನಿಲ್ದಾಣ, ಇವುಗಳಿಂದ ದಿಕ್ಕು ಹಿಡಿದು ಊರನ್ನು ಒಂದು, ಎರಡು, ಮೂರು ಎಂದು ಭಾಗ ಮಾಡಿ. ಎಣಿಕೆ ತಗ್ಗಿನ ಭಾಗದಿಂದಲೇ ಶುರುವಾಗಬೇಕು, ಹಂಚಿಕೆಯೂ ಅಲ್ಲಿಂದಲೇ. ಆ ಭಾಗದ ಅಂಕಿಯನ್ನು ಆ ಭಾಗದವರೇ ಒಬ್ಬರು, ಸಾಧ್ಯವಾದರೆ ಹೆಣ್ಣುಮಗಳು, ಓದಿ ಸರಿಯೆಂದ ಮೇಲೆ ಮಾತ್ರ ಪಟ್ಟಿ ಮೇಲಕ್ಕೆ ಹೋಗಬೇಕು.

ಬರೆಯಬೇಕಾದ್ದು ಇಷ್ಟು: ಮನೆಯಲ್ಲಿ ಎಷ್ಟು ಜನ, ಎಷ್ಟು ಕೂಸುಗಳು, ಬಸುರಿ ಬಾಣಂತಿಯರು ಇದ್ದಾರೆಯೇ, ನಡೆಯಲಾಗದವರು ಇದ್ದಾರೆಯೇ, ದಿನವೂ ತೆಗೆದುಕೊಳ್ಳುವ ಮಾತ್ರೆ ಅಥವಾ ಇನ್ಸುಲಿನ್ ಬೇಕೇ, ದನಕರು ಎಷ್ಟು. ಆಧಾರ್ ಸಂಖ್ಯೆ ಬೇಡ. ಬ್ಯಾಂಕ್ ವಿವರ ಬೇಡವೇ ಬೇಡ. ಪರಿಹಾರದ ಹಣಕ್ಕೆ ಅವು ಬೇಕಾದರೆ ಗ್ರಾಮ ಆಡಳಿತ ಅಧಿಕಾರಿ ಬಂದು ತೆಗೆದುಕೊಳ್ಳುತ್ತಾರೆ. ಯಾಕೆ ಬರೆದುಕೊಳ್ಳುತ್ತಿದ್ದೀರಿ ಎಂದು ಮನೆಯವರು ಕೇಳಿದರೆ ಉತ್ತರ ಹೇಳಿ ಆಮೇಲೆ ಬರೆಯಿರಿ. ಸಿಗುವುದು ಖಾತ್ರಿಯಿಲ್ಲದ್ದನ್ನು ‘ಸಿಗ್ತದ ರೀ’ ಎಂದು ಹೇಳಬೇಡಿ.

ಸಾಮಾನು

‘ಚೀಲ’ ಎಂಬುದು ಅಳತೆಯಲ್ಲ. 25 ಕೆಜಿಯದ್ದೂ ಚೀಲ, 50 ಕೆಜಿಯದ್ದೂ ಚೀಲ. ಕೆಜಿಯಲ್ಲಿ, ಲೀಟರಿನಲ್ಲಿ, ಎಣಿಕೆಯಲ್ಲಿ ಬರೆಯಿರಿ. ರೈಲಿನಲ್ಲಿ ಬಂದು ವಾಡಿ ಜಂಕ್ಷನ್ನಿನಲ್ಲಿ ಇಳಿದದ್ದು, ಲಾರಿಯಲ್ಲಿ ನೇರ ಬಂದದ್ದು, ಊರವರೇ ಕೊಟ್ಟದ್ದು, ಮೂರಕ್ಕೂ ಒಂದೇ ಪುಸ್ತಕ. ಗಾಡಿ ಹೊರಡುವಾಗ ಒಂದು ಚೀಟಿ, ಮುಟ್ಟಿದ ಮೇಲೆ ಪಡೆದವರ ಸಹಿ ಇರುವ ಅದೇ ಚೀಟಿ ವಾಪಸ್. ಬೇಡದ ಸಾಮಾನನ್ನು ಬೇಡ ಎಂದು ಹೇಳಲು ಹಿಂಜರಿಯಬೇಡಿ. ಹರಿದ ಬಟ್ಟೆಯ ಮೂಟೆಗಳು ಕೋಣೆ ತುಂಬಿದರೆ ಕುಡಿಯುವ ನೀರಿನ ಕ್ಯಾನು ಮಳೆಯಲ್ಲಿ ಹೊರಗೆ ನಿಲ್ಲುತ್ತದೆ.

ಯಾವ ಸಂಸ್ಥೆ, ಯಾವ ಮಠ, ಯಾವ ಕಾರ್ಖಾನೆ ಯಾವ ಊರಿಗೆ ಹೊರಟಿದೆ ಎಂಬುದು ಗೋಡೆಯ ಮೇಲಿನ ಒಂದೇ ಹಾಳೆಯಲ್ಲಿ ಎಲ್ಲರಿಗೂ ಕಾಣಬೇಕು. 1996ರಲ್ಲಿ ಪೂರ್ವ ಜೈರ್‌ನ ನಿರಾಶ್ರಿತರ ಬಿಕ್ಕಟ್ಟಿನಲ್ಲಿ ಒಂದೊಂದು ಸಂಸ್ಥೆಯೂ ತನ್ನದೇ ವಿಮಾನ, ತನ್ನದೇ ಲಾರಿ ಎಂದು ಓಡಿದ್ದನ್ನು ಕಂಡು ವಿಶ್ವಸಂಸ್ಥೆ ಜಂಟಿ ಸಾಗಣೆ ಕೇಂದ್ರ ಆರಂಭಿಸಿತು. ನಮಗೆ ಅಷ್ಟು ದೊಡ್ಡದೇನೂ ಬೇಡ. ಒಂದು ಹಾಳೆ, ಒಂದು ಪೆನ್ನು, ಅದನ್ನು ಬಿಟ್ಟು ಏಳದ ಒಬ್ಬರು ಸಾಕು. ಆ ಹಾಳೆಗೆ ಬರೆಯಿಸದೆ ಯಾವ ಗಾಡಿಯೂ ನಾಲವಾರ ದಾಟಬಾರದು.

ನೀರು ಇಳಿದ ಮೇಲೆ

ಕಾಳಜಿ ಕೇಂದ್ರ ಮುಚ್ಚಿದ ದಿನ ಮನೆಮನೆಯ ಪಟ್ಟಿಗಳನ್ನು ಅವುಗಳ ಜವಾಬ್ದಾರಿ ಹೊತ್ತವರಿಗೆ ಒಪ್ಪಿಸಿ ಸಹಿ ಪಡೆಯಿರಿ. ನಿಮ್ಮ ಮೊಬೈಲಿನಲ್ಲಿ ಉಳಿದದ್ದನ್ನು ಅವರ ಎದುರೇ ಅಳಿಸಿ. ದಾರಿಯ ನಕ್ಷೆಗಳು, ‘ಹಳೆಯದು’ ಎಂದು ಬರೆದವುಗಳೂ ಸೇರಿ, ಒಂದೂ ಕಳೆಯದೆ ಒಟ್ಟಿಗೆ ಇರಬೇಕು. ಮುಂದಿನ ನೆರೆಯಲ್ಲಿ ಯಾವ ದಾರಿ ಮೊದಲು ಮುಚ್ಚುತ್ತದೆ ಎಂದು ಹೇಳುವುದು ಅವೇ.

ಒಂದು ಕೆಲಸವನ್ನು ಮಾತ್ರ ನಾಳೆಗೆ ಬಿಡುವಂತಿಲ್ಲ. ನೀರು ನಿಂತ ಮಟ್ಟದ ಕೆಸರಿನ ಗೆರೆ ಗೋಡೆಗಳ ಮೇಲೆ ನಾಲ್ಕು ದಿನ ಇರುತ್ತದೆ, ಆಮೇಲೆ ಹೆಣ್ಣುಮಕ್ಕಳು ಮನೆ ತೊಳೆಯುತ್ತಾರೆ. ಅಷ್ಟರೊಳಗೆ ಟೇಪು ಹಿಡಿದು ಹೋಗಿ. ಪ್ರತಿ ಊರಿನಲ್ಲಿ ಶಾಲೆಯ ಗೋಡೆ, ಗುಡಿಯ ಕಟ್ಟೆ, ತಗ್ಗಿನ ಭಾಗದ ಒಂದು ಮನೆ, ಈ ಮೂರು ಕಡೆ ನೆಲದಿಂದ ಗೆರೆಯವರೆಗೆ ಎಷ್ಟು ಅಡಿ, ಎಷ್ಟು ಇಂಚು ಎಂದು ಅಳೆಯಿರಿ. ಶಾಲೆಯ ಗೋಡೆಯ ಮೇಲೆ ಆ ಮಟ್ಟದಲ್ಲೇ ಎಣ್ಣೆಬಣ್ಣದಿಂದ ಒಂದು ಗೆರೆ ಎಳೆದು, ನದಿಯ ಹೆಸರು, ದಿನಾಂಕ ಬರೆದು ಬನ್ನಿ.